ಟಿಬಿಯಿಂದ ಗುಣವಾದವರು ಉಳಿದ ರೋಗಿಗಳ ಪರ ನಿಲ್ಲುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾರಿಗಾಗಿ?

ಟಿಬಿ ಬಂದು, ಮಾತ್ರೆ ಪೂರ್ತಿ ಮುಗಿಸಿ, ಈಗ ಓಡಾಡಿಕೊಂಡು ಇರುವವರಿಗೆ. ನಾವು ಪಟ್ಟ ಪಾಡು ಇನ್ನೊಬ್ಬರು ಪಡಬಾರದು ಅಂತ ಮನಸ್ಸಿನಲ್ಲಿದೆ, ಆದರೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದವರಿಗೆ. ನನಗೂ ಸಾಮಾನ್ಯ ಮಾತ್ರೆಗೆ ಬಗ್ಗದ ಟಿಬಿ ಬಂದಿತ್ತು. ಅದನ್ನು ಎಂಡಿಆರ್ ಟಿಬಿ ಅನ್ನುತ್ತಾರೆ. ಗುಣವಾದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಹೊಸ ರೋಗಿಗಳ ಜೊತೆ ಓಡಾಡುತ್ತಿದ್ದೇನೆ. ಆಸ್ಪತ್ರೆಯ ಕಾರಿಡಾರ್‌ನಲ್ಲಿ, ಫೋನಿನಲ್ಲಿ, ತರಬೇತಿಗಳಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಡಾಕ್ಟರ್ ಇದ್ದಾರೆ, ಆಶಾ ಅಕ್ಕ ಇದ್ದಾರೆ. ನಮ್ಮಂಥವರು ಯಾಕೆ ಬೇಕು?

ನನಗೆ ಕೊಟ್ಟ ಔಷಧಿಯಲ್ಲಿ ಆಗ ದಿನಾ ಒಂದು ಇಂಜೆಕ್ಷನ್ ಇರುತ್ತಿತ್ತು, ಕನಾಮೈಸಿನ್. ಸೊಂಟದ ಎರಡೂ ಕಡೆ ಗಂಟು ಕಟ್ಟಿ, ಮಗ್ಗುಲು ಬದಲಿಸಿ ಮಲಗೋದೂ ಕಷ್ಟವಾಗಿತ್ತು. ಒಂದು ದಿನ ಕಿವಿಯಲ್ಲಿ ಗುಂಯ್ ಅಂತ ಶುರುವಾಯಿತು. ರಾತ್ರಿ ಫ್ಯಾನಿನ ಸದ್ದಿರಬೇಕು ಅಂತ ಸುಮ್ಮನಿದ್ದೆ. ಪಕ್ಕದ ಬೆಡ್‌ನಲ್ಲಿದ್ದ ಒಬ್ಬರು ಅಜ್ಜಿ ಕೇಳಿದರು, "ಕಿವಿ ಗುಂಯ್ ಅಂತದಾ ಮಗಾ? ನಾಳೆ ರೌಂಡ್ಸಿಗೆ ಬಂದಾಗ ಮೊದಲು ಅದನ್ನೇ ಹೇಳು. ನಂದು ಹಿಂಗೇ ಹೋಯ್ತು." ಮಾರನೇ ದಿನ ಹೇಳಿದೆ. ಕಿವಿ ಪರೀಕ್ಷೆ ಮಾಡಿಸಿದರು, ಔಷಧಿ ಬದಲಿಸಿದರು. ಇವತ್ತು ನನಗೆ ಕಿವಿ ಕೇಳುತ್ತಿದೆ ಅಂದರೆ ಅದು ಆ ಅಜ್ಜಿಯಿಂದ. ಅವರು ಓದಿದವರಲ್ಲ. ಆದರೆ ಆ ಸದ್ದು ಎಂಥದ್ದು ಅಂತ ಆ ವಾರ್ಡಿನಲ್ಲಿ ಅವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ ನಮ್ಮ ಕರ್ನಾಟಕದ್ದೇ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿ ಜನಕ್ಕೆ ಅರಿವಿಲ್ಲ, ಕೆಮ್ಮು ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಅನ್ನೋದು ಆ ಕಾಲದಲ್ಲಿ ಸಾಮಾನ್ಯವಾಗಿದ್ದ ನಂಬಿಕೆ. ಸಂಸ್ಥೆಯ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಮಾತಾಡಿಸಿದರು. ಗೊತ್ತಾಗಿದ್ದು ಬೇರೆಯೇ. ಟಿಬಿ ಲಕ್ಷಣ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರ ಕೈಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಲಾಗಿತ್ತು. 1963ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ದೇಶದ ಟಿಬಿ ಕಾರ್ಯಕ್ರಮ 1962ರಲ್ಲಿ ರೂಪುಗೊಂಡಾಗ, ಕಫ ಪರೀಕ್ಷೆಯನ್ನು ದೊಡ್ಡ ಸ್ಯಾನಟೋರಿಯಂಗಳಿಂದಾಚೆ (ಟಿಬಿ ರೋಗಿಗಳನ್ನೇ ಇರಿಸುತ್ತಿದ್ದ ಆಸ್ಪತ್ರೆಗಳು) ಸಾಮಾನ್ಯ ಆಸ್ಪತ್ರೆಗಳಿಗೂ ತರಬೇಕು ಅನ್ನುವುದರ ಹಿಂದೆ ಈ ಸಂಸ್ಥೆಯ ಕೆಲಸವಿತ್ತು.

ಎಲ್ಲಿ ತಪ್ಪುತ್ತಿದೆ ಅಂತ ರೋಗಿಗೆ ಗೊತ್ತಿರುತ್ತೆ. ಯಾರಾದರೂ ಹೋಗಿ ಕೇಳಬೇಕು, ಇಲ್ಲವೇ ರೋಗಿಯೇ ಬಂದು ಹೇಳಬೇಕು.

ನನ್ನ ಕಥೆ ಹೇಳಿಕೊಂಡರೆ ಏನು ಬದಲಾಗುತ್ತೆ?

ಕಥೆ ಹೇಳಿ ನಿಲ್ಲಿಸಿದರೆ ಜಾಸ್ತಿ ಏನೂ ಬದಲಾಗಲ್ಲ. ಜನ ಕಣ್ಣೀರು ಹಾಕುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಶಾಲು ಹೊದಿಸುತ್ತಾರೆ. ಬದಲಾವಣೆ ಆಗೋದು ಕಥೆಯ ಕೊನೆಗೆ ಒಂದು ಬೇಡಿಕೆ ಬಂದಾಗ. "ನನಗೆ ಹೀಗಾಯಿತು. ಆದ್ದರಿಂದ ನೀವು ಈ ಕೆಲಸ ಮಾಡಿ" ಅಂತ, ಅದನ್ನು ಮಾಡುವ ಅಧಿಕಾರ ಇರುವವರ ಮುಂದೆ ಹೇಳಬೇಕು. ಬೇರೆ ಏನು ಮರೆತರೂ ಇದೊಂದನ್ನು ಇಟ್ಟುಕೊಳ್ಳಿ.

ನಂದಿತಾ ವೆಂಕಟೇಶನ್ ಅಂತ ಮುಂಬೈನ ಪತ್ರಕರ್ತೆ. ಅವರಿಗೆ ಹದಿಹರೆಯದಲ್ಲಿ, 2007ರಲ್ಲಿ, ಕರುಳಿನ ಟಿಬಿ ಬಂತು. ಗುಣವಾಯಿತು ಅಂದುಕೊಂಡರೆ 2013ರಲ್ಲಿ ಮತ್ತೆ ಬಂತು. ಆಗ ಕೊಟ್ಟ ಅದೇ ಕನಾಮೈಸಿನ್‌ನಿಂದ ಕಿವಿ ಹೋಯಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಹತ್ತಿರದ ಖಾಯೆಲಿಶಾದಲ್ಲಿ ಫುಮೆಜಾ ಟಿಸಿಲೆ ಅನ್ನುವ ಹುಡುಗಿಗೆ 2010ರಲ್ಲಿ, ಕಾಲೇಜಿಗೆ ಸೇರಿದ ವರ್ಷವೇ, ಟಿಬಿ ಪತ್ತೆಯಾಯಿತು. ಅವರಿಗೆ ಬಂದಿದ್ದು ಎಕ್ಸ್‌ಡಿಆರ್, ಎಂಡಿಆರ್‌ಗಿಂತಲೂ ಹಟಮಾರಿ ಟಿಬಿ. 20 ಸಾವಿರಕ್ಕೂ ಹೆಚ್ಚು ಮಾತ್ರೆ ನುಂಗಿ 2013ರಲ್ಲಿ ಗುಣವಾದರು. ಅವರ ಕಿವಿಯನ್ನೂ ತೆಗೆದಿದ್ದು ಕನಾಮೈಸಿನ್ನೇ.

ಇಬ್ಬರೂ ಕಥೆ ಹೇಳುತ್ತಾ ಸುತ್ತಾಡಿದ್ದರೆ ಅದೂ ದೊಡ್ಡದೇ. ಆದರೆ ಅವರು ಒಂದು ಹೆಜ್ಜೆ ಮುಂದೆ ಹೋದರು. ಕಿವಿಗೆ ಕುತ್ತು ತರದ ಬೆಡಾಕ್ವಿಲಿನ್ ಅನ್ನುವ ಮಾತ್ರೆ ಅಷ್ಟರಲ್ಲಿ ಬಂದಿತ್ತು. ಬೆಲೆ ಮಾತ್ರ ಜಾಸ್ತಿ. ಅದನ್ನು ತಯಾರಿಸುತ್ತಿದ್ದ ಜಾನ್ಸನ್ ಆಂಡ್ ಜಾನ್ಸನ್ ಕಂಪನಿಯ ಮೊದಲ ಪೇಟೆಂಟ್, ಅಂದರೆ ಬೇರೆ ಕಂಪನಿ ಆ ಔಷಧಿ ಮಾಡದಂತೆ ತಡೆಯುವ ಹಕ್ಕು, ಭಾರತದಲ್ಲಿ 2023ರ ಜುಲೈಗೆ ಮುಗಿಯಬೇಕಿತ್ತು. ಅದೇ ಔಷಧಿಯ ಉಪ್ಪಿನ ರೂಪಕ್ಕೆ ಕಂಪನಿ ಇನ್ನೊಂದು ಪೇಟೆಂಟ್ ಕೇಳಿತ್ತು. ಅದು ಸಿಕ್ಕಿದ್ದರೆ ಏಕಸ್ವಾಮ್ಯ 2027ರವರೆಗೆ ಮುಂದುವರಿಯುತ್ತಿತ್ತು. 2019ರ ಫೆಬ್ರವರಿಯಲ್ಲಿ ಇವರಿಬ್ಬರೂ ಎಂಎಸ್‌ಎಫ್ ಅನ್ನುವ ವೈದ್ಯರ ಸಂಸ್ಥೆಯ ಬೆಂಬಲದಿಂದ ಮುಂಬೈನ ಪೇಟೆಂಟ್ ಕಚೇರಿಗೆ ಆಕ್ಷೇಪಣೆ ಹಾಕಿದರು. 2023ರ ಮಾರ್ಚ್ 23ರಂದು ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಮಾರನೇ ದಿನ ವಿಶ್ವ ಕ್ಷಯ ದಿನ.

ಅಲ್ಲಿಂದ ಭಾರತದ ಕಂಪನಿಗಳಿಗೆ ದಾರಿ ತೆರೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಡ ದೇಶಗಳಿಗೆ ಟಿಬಿ ಔಷಧಿ ಕೊಂಡುಕೊಡುವ ಜಾಗತಿಕ ವ್ಯವಸ್ಥೆಗೆ ಆರು ತಿಂಗಳ ಬೆಡಾಕ್ವಿಲಿನ್ 130 ಡಾಲರ್‌ಗೆ ಸಿಗುವಂತಾಯಿತು. ಮೊದಲಿದ್ದ ಬೆಲೆಯ ಅರ್ಧಕ್ಕಿಂತ ಕಡಿಮೆ.

ಗಮನಿಸಿ, ಅವರು "ಟಿಬಿ ನಿರ್ಮೂಲನೆ ಮಾಡಿ" ಅಂತ ಕೇಳಲಿಲ್ಲ. "ಈ ಅರ್ಜಿಗೆ ಪೇಟೆಂಟ್ ಕೊಡಬೇಡಿ" ಅಂತ ಕೇಳಿದರು. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ, ಪೇಟೆಂಟ್ ಕೊಡುವ ಮುಂಚೆ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು ಅನ್ನುವ ಕಲಂ ಇದೆ. ಅದನ್ನು ಇಬ್ಬರು ಟಿಬಿ ರೋಗಿಗಳು ಬಳಸಿದರು.

ಅವರಂಥವರಿಗೆ ಇಂಗ್ಲಿಷ್ ಬರುತ್ತೆ, ಬೆಂಬಲ ಇರುತ್ತೆ. ನಾನು ಹಳ್ಳಿಯವಳು/ಹಳ್ಳಿಯವನು. ನನ್ನಿಂದ ಏನಾಗುತ್ತೆ?

ನಿಮ್ಮ ಊರಿನ ಕೆಲಸವನ್ನು ಅವರು ಬಂದು ಮಾಡಲಾರರು. ಉದಾಹರಣೆಗೆ, ಟಿಬಿ ರೋಗಿಗೆ ಚಿಕಿತ್ಸೆಯ ಸಮಯದಲ್ಲಿ ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ದುಡ್ಡು ಕೊಡುತ್ತೆ. ನಿಕ್ಷಯ್ ಪೋಷಣ್ ಯೋಜನೆ. 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ರೂಪಾಯಿ. ನೇರ ಬ್ಯಾಂಕ್ ಖಾತೆಗೆ ಬರಬೇಕು. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ತೆಗೆದುಕೊಂಡರೂ ನಿಕ್ಷಯ್ ಅನ್ನುವ ಸರ್ಕಾರದ ಟಿಬಿ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ನೋಂದಣಿ ಆಗಿದ್ದರೆ ಬರುತ್ತೆ. ಬಹಳ ಜನಕ್ಕೆ ಈ ಕೊನೆಯ ಮಾತು ಗೊತ್ತೇ ಇಲ್ಲ.

ಈ ದುಡ್ಡು ಎಲ್ಲಿ ನಿಲ್ಲುತ್ತೆ ಗೊತ್ತಾ? ಖಾತೆಗೆ ಆಧಾರ್ ಲಿಂಕ್ ಆಗಿರುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಶಿಯಲ್. ವಲಸೆ ಬಂದ ಕೂಲಿಯವರಿಗೆ ಖಾತೆಯೇ ಊರಿನ ಬ್ಯಾಂಕಿನಲ್ಲಿ ಬಂದ್ ಆಗಿರುತ್ತೆ. ಇದನ್ನು ದಿಲ್ಲಿಯಲ್ಲಿ ಕೂತು ಸರಿ ಮಾಡೋಕಾಗಲ್ಲ. ರೋಗಿಯ ಜೊತೆ ಬ್ಯಾಂಕಿಗೆ ಹೋಗಿ, ಕೌಂಟರ್‌ನಲ್ಲಿ ನಿಂತು, ಫಾರಂ ತುಂಬಿಸಿ, ಆಮೇಲೆ ಟಿಬಿ ವಿಭಾಗದ ಎಸ್‌ಟಿಎಸ್‌ಗೆ (ಚಿಕಿತ್ಸೆ ನೋಡಿಕೊಳ್ಳುವ ಹಿರಿಯ ಮೇಲ್ವಿಚಾರಕರು) ಖಾತೆ ವಿವರ ಮುಟ್ಟಿಸಿದರೆ ಸರಿಹೋಗುತ್ತೆ. ಹೀಗೆ ಒಬ್ಬರದ್ದು ಸರಿ ಮಾಡಿಸಿ. ಅದೇ ತೊಂದರೆ ಇರುವ ಇನ್ನೂ ಕೆಲವರು ಸಿಕ್ಕಾಗ ಪಟ್ಟಿ ಮಾಡಿ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಗೆ ಕೊಡಿ, "ಬ್ಯಾಂಕಿನವರನ್ನು ಒಂದು ದಿನ ಆಸ್ಪತ್ರೆಗೇ ಕರೆಸಿ" ಅಂತ ಕೇಳಿ. ಇಷ್ಟು ಮಾಡಿದರೆ ನೀವು ರೋಗಿಗಳ ಪರ ಕೆಲಸ ಶುರು ಮಾಡಿಯಾಯಿತು.

ಎಲ್ಲಿಂದ ಶುರು ಮಾಡಲಿ?

ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ಕೆಮ್ಮು, ಮೊದಲ ಜ್ವರ ಬಂದ ತಿಂಗಳು ಬರೆಯಿರಿ. ಟಿಬಿ ಅಂತ ಗೊತ್ತಾದ ತಿಂಗಳು ಬರೆಯಿರಿ. ಈ ಎರಡರ ನಡುವೆ ಏನೇನಾಯಿತು, ಎಷ್ಟು ಕಡೆ ಹೋದಿರಿ, ಯಾವ ಪರೀಕ್ಷೆ ಬಿಟ್ಟುಹೋಯಿತು, ಎಷ್ಟು ಸಾಲವಾಯಿತು ಅಂತ ಬರೆಯಿರಿ. ಆಮೇಲೆ ಚಿಕಿತ್ಸೆಯ ತಿಂಗಳುಗಳು. ಮಾತ್ರೆ ಸಿಗದ ದಿನ ಇತ್ತಾ? ಕೆಲಸ ಹೋಯಿತಾ? ಮನೆಯಲ್ಲಿ ತಟ್ಟೆ ಲೋಟ ಬೇರೆ ಇಟ್ಟರಾ?

ಬರೆದಾದ ಮೇಲೆ ಓದಿ ನೋಡಿ. ಒಂದು ಕಡೆ ಬಂದಾಗ ನಿಮಗೆ ಸಿಟ್ಟು ಬರುತ್ತೆ, ಇಲ್ಲ ಕಣ್ಣು ತುಂಬುತ್ತೆ. "ಇದೊಂದು ಹೀಗಾಗದಿದ್ದರೆ" ಅನ್ನಿಸುವ ಜಾಗ ಅದು. ನಿಮ್ಮ ಕೆಲಸ ಅಲ್ಲೇ ಇದೆ. ಬೇರೆಯವರು ಹೇಳಿದ ವಿಷಯ ಎತ್ತಿಕೊಂಡರೆ ಒಂದು ತಿಂಗಳಿಗೆ ಬೇಸರ ಬರಬಹುದು. ನಿಮ್ಮದೇ ನೋವಿನದ್ದಾದರೆ ಅದು ನಿಮ್ಮನ್ನು ಬಿಡುವುದಿಲ್ಲ.

ಟಿಬಿ ಚಾಂಪಿಯನ್ ಅಂತಾರಲ್ಲ, ಅದಕ್ಕೆ ಸೇರೋದು ಹೇಗೆ?

ಗುಣವಾದವರಿಗೆ ತರಬೇತಿ ಕೊಟ್ಟು ಹೊಸ ರೋಗಿಗಳ ಜೊತೆ ಕೆಲಸ ಮಾಡಿಸುವ ಪದ್ಧತಿ ಇದು. ಚೆನ್ನೈನ ರೀಚ್ ಸಂಸ್ಥೆ ಇದನ್ನು ಹಲವು ರಾಜ್ಯಗಳಲ್ಲಿ ಬೆಳೆಸಿದೆ. ನಮ್ಮಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಟಿಬಿ ರೋಗಿಗಳ ನಡುವೆ ಕೆಲಸ ಮಾಡಿದೆ. ಈಗ ಸರ್ಕಾರಿ ಕಾರ್ಯಕ್ರಮದಲ್ಲೂ ಚಾಂಪಿಯನ್‌ಗಳಿದ್ದಾರೆ. ನಿಮ್ಮ ತಾಲ್ಲೂಕಿನ ಎಸ್‌ಟಿಎಸ್ ಹತ್ತಿರ ಹೆಸರು ಕೊಡಿ, ಇಲ್ಲವೇ 1800-11-6666 ನಿಕ್ಷಯ್ ಸಂಪರ್ಕ್ ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಿ. ತರಬೇತಿ ಸಿಗುವವರೆಗೆ ಕಾಯಬೇಕು ಅಂತೇನಿಲ್ಲ.

ಹೊಸ ರೋಗಿಯ ಮನೆಗೆ ಮೊದಲ ಸಲ ಹೋದಾಗ ಏನು ಮಾತಾಡಲಿ?

ಮೊದಲು ಅವರು ಒಪ್ಪಿದ್ದಾರಾ ಕೇಳಿ. ಫೋನ್ ಮಾಡಿ, "ಮನೆಗೆ ಬರಲಾ, ಹೊರಗೆ ಸಿಗಲಾ?" ಅಂತ ಕೇಳಿ. ಎಷ್ಟೋ ಹೆಣ್ಣುಮಕ್ಕಳು ಅತ್ತೆ ಮನೆಯಲ್ಲಿ ಹೇಳಿರುವುದಿಲ್ಲ. ನಿಮ್ಮ ಬ್ಯಾಗಿನ ಮೇಲೆ ಟಿಬಿ ಅಂತ ಬರೆದಿದ್ದರೆ ಓಣಿಗೆಲ್ಲ ಗೊತ್ತಾಗಿಬಿಡುತ್ತೆ. ಆಮೇಲೆ ಬಾಡಿಗೆ ಮನೆ ಖಾಲಿ ಮಾಡಿಸಿದರೆ ಹೊಣೆ ಯಾರು?

ಹೋದ ಮೇಲೆ ಕೂತುಕೊಳ್ಳಿ. ಅವರು ಕೊಟ್ಟ ನೀರು ಕುಡಿಯಿರಿ, ಕಾಫಿ ಕೊಟ್ಟರೆ ಅದನ್ನೂ ಕುಡಿಯಿರಿ. ನಾನು ಇದನ್ನು ಬೇಕಂತಲೇ ಮನೆಯವರ ಎದುರು ಮಾಡುತ್ತೇನೆ. ಟಿಬಿ ಹರಡೋದು ಗಾಳಿಯಿಂದ, ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ, ಸೀನಿದಾಗ. ತಟ್ಟೆ, ಲೋಟ, ಬಟ್ಟೆಯಿಂದ ಬರಲ್ಲ. ಬಾಯಲ್ಲಿ ಹೇಳಿದ್ದಕ್ಕಿಂತ ನೀವು ಆ ಲೋಟ ಹಿಡಿದದ್ದು ಅವರ ಕಣ್ಣಲ್ಲಿ ಉಳಿಯುತ್ತೆ. ಸರಿಯಾದ ಚಿಕಿತ್ಸೆ ಶುರುವಾದ ಕೆಲವು ವಾರಗಳಲ್ಲೇ ಹರಡುವ ಸಾಧ್ಯತೆ ಬಹಳ ಕಡಿಮೆಯಾಗುತ್ತೆ, ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ ಅಂತಲೂ ಹೇಳಿ. ಕರುಳು, ಮೂಳೆ, ಗಂಟಿನ ಟಿಬಿ ಇರುವವರಿಂದ ಸಾಮಾನ್ಯವಾಗಿ ಹರಡುವುದೇ ಇಲ್ಲ. ಆದರೂ ಅವರನ್ನೂ ಮೂಲೆಯಲ್ಲಿ ಮಲಗಿಸಿರುತ್ತಾರೆ. ಇದನ್ನು ನೋಡಿದಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮನೆಯಲ್ಲಿ ಜೊತೆಗಿರುವವರಿಗೆಲ್ಲ ತಪಾಸಣೆ ಆಗಿದೆಯಾ ಕೇಳಿ. ಟಿಬಿ ಬರದಂತೆ ತಡೆಯುವ ಮಾತ್ರೆಯ ಕೋರ್ಸೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತೆ. ನಿಮ್ಮ ಕಥೆಯನ್ನು ಕೊನೆಗೆ ಹೇಳಿ, ಅದೂ ಚಿಕ್ಕದಾಗಿ. ಆ ದಿನ ಮಾತಾಡಬೇಕಾದವರು ಅವರು.

ಮಾತ್ರೆ, ಸೈಡ್ ಎಫೆಕ್ಟ್ ಬಗ್ಗೆ ನನ್ನನ್ನೇ ಕೇಳುತ್ತಾರೆ. ಹೇಳಬಹುದಾ?

ನಿಮಗೇನಾಯಿತು ಅಂತ ಹೇಳಬಹುದು. ಯಾವ ಮಾತ್ರೆ ನಿಲ್ಲಿಸು, ಯಾವುದು ನುಂಗು ಅಂತ ಹೇಳಲೇಬಾರದು. ಆ ಗೆರೆ ದಾಟಬೇಡಿ.

ಆದರೆ ಯಾವುದಕ್ಕೆ ಹೆದರಬೇಕಿಲ್ಲ, ಯಾವುದಕ್ಕೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಅಂತ ತಿಳಿದಿರಿ. ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿ ತೆಗೆದುಕೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ರಕ್ತ ಹೋಗುತ್ತಿದೆ ಅಂದುಕೊಂಡು ಮೊದಲ ವಾರವೇ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಅದು ಔಷಧಿಯ ಬಣ್ಣ ಅಷ್ಟೇ. ಕಣ್ಣು ಮಂಜಾದರೆ, ಕೆಂಪು ಹಸಿರು ಬಣ್ಣ ಗೊಂದಲವಾದರೆ, ಕಣ್ಣು ಹಳದಿಯಾಗಿ ಊಟ ಸೇರದೆ ವಾಂತಿಯಾದರೆ, ಕೈಕಾಲು ಜೋಮು ಹಿಡಿದರೆ, ಎದೆ ಬಡಿತ ಏರುಪೇರಾದರೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. "ನಾಳೆ ನೋಡೋಣ" ಬೇಡ.

ಎಂಡಿಆರ್‌ಗೆ ಕೊಡುವ ಕ್ಲೋಫಜಿಮಿನ್‌ನಿಂದ ಮೈ ಬಣ್ಣ ಕಪ್ಪಾಗುತ್ತೆ. ಇದನ್ನು ಡಾಕ್ಟರ್‌ಗಳು ಚಿಕ್ಕ ವಿಷಯ ಅಂತ ದಾಟಿಸಿಬಿಡುತ್ತಾರೆ. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಅದು ಚಿಕ್ಕದಲ್ಲ. ಮಾತ್ರೆ ನಿಂತ ಮೇಲೆ ಬಣ್ಣ ನಿಧಾನವಾಗಿ ತಿಳಿಯಾಗುತ್ತೆ ಅಂತ ಮೊದಲೇ ಹೇಳಿದರೆ ಎಷ್ಟೋ ಜನ ಕೋರ್ಸ್ ಬಿಡುವುದಿಲ್ಲ. ಇಂಥ ಮಾತನ್ನು ಡಾಕ್ಟರ್ ಕಿವಿಗೆ ಹಾಕುವುದೂ ನಿಮ್ಮ ಕೆಲಸವೇ.

ಒಂದು ಸಮಾಧಾನ. ಕನಾಮೈಸಿನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿತು. ಮಾತ್ರೆಯಲ್ಲೇ ಆರು ತಿಂಗಳಿಗೆ ಮುಗಿಯುವ ಬಿಪಾಲ್‌ಎಂ ಅನ್ನುವ ಎಂಡಿಆರ್ ಚಿಕಿತ್ಸೆಗೆ ಭಾರತ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಹಳೆಯ ಇಂಜೆಕ್ಷನ್ ಕಾಲದ ಭಯ ಈಗಿನವರಿಗೆ ಹಚ್ಚಬೇಡಿ.

"ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಅಂದರೆ ಏನು ಮಾಡಬೇಕು?

ಟಿಬಿಯಲ್ಲಿ ಮಾತ್ರೆ ತಪ್ಪಿದರೆ ರೋಗಾಣು ಬಲಿಯುತ್ತೆ, ಸಾಮಾನ್ಯ ಟಿಬಿ ಎಂಡಿಆರ್ ಆಗಬಹುದು. ಆದ್ದರಿಂದ ಇದು ಕಾಯುವ ವಿಷಯವಲ್ಲ. ಅವತ್ತೇ ಎಸ್‌ಟಿಎಸ್‌ಗೆ ಫೋನ್ ಮಾಡಿ. ಸಿಗದಿದ್ದರೆ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಗೆ ಫೋನ್ ಮಾಡಿ, ಜೊತೆಗೆ ವಾಟ್ಸಾಪ್‌ನಲ್ಲಿ ಬರಹದಲ್ಲಿ ಕಳಿಸಿ: ಯಾವ ಕೇಂದ್ರ, ಯಾವ ಮಾತ್ರೆ, ಯಾವ ದಿನದಿಂದ ಇಲ್ಲ, ಎಷ್ಟು ರೋಗಿಗಳು. ಪಕ್ಕದ ತಾಲ್ಲೂಕಿನಲ್ಲಿ ಸ್ಟಾಕ್ ಇದ್ದರೆ ತರಿಸಿಕೊಡಲು ಅವರಿಗೆ ಸಾಧ್ಯ.

2024ರ ಮಾರ್ಚ್‌ನಲ್ಲಿ ಹಲವು ರಾಜ್ಯಗಳಲ್ಲಿ ಟಿಬಿ ಮಾತ್ರೆ ಕೊರತೆಯಾದಾಗ ರಾಜ್ಯಗಳೇ ಸ್ಥಳೀಯವಾಗಿ ಖರೀದಿಸಿ ಅಂತ ಕೇಂದ್ರ ಪತ್ರ ಬರೆದಿತ್ತು. ಅಂದರೆ ಜಿಲ್ಲೆಯಲ್ಲಿ ಕೊಳ್ಳುವ ದಾರಿ ಇದೆಯಾ ಅಂತ ನಾವು ಕೇಳಬಹುದು, ಕೇಳಲೇಬೇಕು.

ಬಾಯಿ ಮಾತಿಗೆ ಬಗ್ಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಸಿಟ್ಟನ್ನೆಲ್ಲ ಅರ್ಜಿಯಲ್ಲಿ ಬರೆಯಬೇಡಿ. "ಈ ತಿಂಗಳಿಂದ ಈ ತಿಂಗಳವರೆಗೆ ಈ ಕೇಂದ್ರಕ್ಕೆ ಬಂದ, ಹಂಚಿದ, ಉಳಿದ ಮಾತ್ರೆಗಳ ದಾಸ್ತಾನು ಪುಸ್ತಕದ ನಕಲು ಕೊಡಿ" ಅಂತ ಕೇಳಿ. ದಾಖಲೆ ಕೇಳಿದರೆ ದಾಖಲೆ ಸಿಗುತ್ತೆ. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಿದರೆ ನುಣುಚಿಕೊಳ್ಳೋದು ಸುಲಭ.

ಹೆಸರು, ಮುಖ ತೋರಿಸಲೇಬೇಕಾ? ಮನೆಯವರು ಬೇಡ ಅಂತಾರೆ.

ತೋರಿಸಲೇಬೇಕಿಲ್ಲ. ಮುಖ ತೋರಿಸಿದವರೇ ಧೈರ್ಯವಂತರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ತಂಗಿಯ ಮದುವೆ ಆಗಬೇಕಿರುವ ಮನೆಯಲ್ಲಿ ಆ ಭಯ ನಿಜವಾದದ್ದು. ಬೇರೆ ಹೆಸರಿನಲ್ಲಿ ಬರೆಯಬಹುದು. ರೇಡಿಯೋದಲ್ಲಿ ದನಿ ಮಾತ್ರ ಕೊಡಬಹುದು. ಯಾರಿಗೂ ಕಾಣದ ಹಾಗೆ ಹೊಸ ರೋಗಿಗಳಿಗೆ ಫೋನಿನಲ್ಲಿ ಮಾತಾಡುವುದೂ ದೊಡ್ಡ ಕೆಲಸವೇ.

ಮುಖ ತೋರಿಸುವುದಾದರೆ ಮೊದಲು ಮನೆಯವರ ಜೊತೆ ಕೂತು ಮಾತಾಡಿ. ಪೇಪರಿನವರು, ಚಾನೆಲ್‌ನವರು ಬಂದಾಗ ನಿಮ್ಮ ಷರತ್ತು ಮೊದಲೇ ಹೇಳಿ: ಹಾಸಿಗೆ ಹಿಡಿದ ಕಾಲದ ಫೋಟೊ ಬೇಡ, ಮಕ್ಕಳ ಮುಖ ಬೇಡ, ಅಳುವಾಗ ಕ್ಯಾಮೆರಾ ನಿಲ್ಲಿಸಿ. ಇಂಟರ್ನೆಟ್‌ಗೆ ಒಮ್ಮೆ ಹೋದದ್ದು ವಾಪಸ್ ಬರಲ್ಲ. ಇನ್ನೊಬ್ಬ ರೋಗಿಯ ಕಥೆಯಂತೂ ಅವರು ಒಪ್ಪದೆ ಎಲ್ಲೂ ಹೇಳಬೇಡಿ. ಹೆಸರು ಬಿಟ್ಟರೂ ಊರು, ಕೆಲಸ, ವಯಸ್ಸು ಸೇರಿದರೆ ಯಾರು ಅಂತ ಗೊತ್ತಾಗಿಬಿಡುತ್ತೆ, ಅಲ್ವಾ?

ಸಭೆಗೆ ಕರೆಯುತ್ತಾರೆ, ಹಾರ ಹಾಕುತ್ತಾರೆ, ಮಾತಾಡೋಕೆ ಬಿಡಲ್ಲ.

ಇದು ಎಲ್ಲ ಕಡೆ ಆಗುತ್ತೆ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಒಂದು ಆರೋಗ್ಯ ಸಮ್ಮೇಳನದಲ್ಲಿ ಏಡ್ಸ್ ಬಂದವರು ತಾವೇ ವೇದಿಕೆ ಏರಿ ತಮ್ಮ ಹಕ್ಕುಗಳನ್ನು ಓದಿದರು. ನಮ್ಮ ಬಗ್ಗೆ ತೀರ್ಮಾನ ಆಗುವ ಪ್ರತಿ ಹಂತದಲ್ಲೂ ನಾವಿರಬೇಕು ಅಂತ ಕೇಳಿದರು. ಆಮೇಲೆ ಬಂದ ರೋಗಿ ಸಂಘಟನೆಗಳೆಲ್ಲ ಅಲ್ಲಿಂದ ಕಲಿತಿವೆ.

ನಮ್ಮಲ್ಲೂ ಜಿಲ್ಲಾ ಮಟ್ಟದಲ್ಲಿ ಟಿಬಿ ಫೋರಂ ಇರಬೇಕು, ಅದರಲ್ಲಿ ಗುಣವಾದವರು ಸದಸ್ಯರಾಗಿರಬೇಕು ಅಂತ ಸರ್ಕಾರದ ಮಾರ್ಗಸೂಚಿ ಇದೆ. ನಿಮ್ಮ ಜಿಲ್ಲೆಯಲ್ಲಿ ಫೋರಂ ಸಭೆ ಕೊನೆಗೆ ಯಾವಾಗ ಆಯಿತು ಅಂತ ಕೇಳಿ. ಸಭೆಗೆ ಹೋಗುವಾಗ ಒಂದೇ ಹಾಳೆಯಲ್ಲಿ ಬೇಡಿಕೆ ಬರೆದುಕೊಂಡು ಹೋಗಿ, ಎರಡು ನಕಲು ಇಟ್ಟುಕೊಳ್ಳಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಮಾತಾಡಲು ಸಮಯ ಸಿಗದಿದ್ದರೂ ಆ ಕಾಗದ ಫೈಲಿಗೆ ಹೋಗುತ್ತೆ. ಮುಂದಿನ ಸಭೆಯಲ್ಲಿ "ಹೋದ ಸಲ ಕೊಟ್ಟಿದ್ದು ಏನಾಯಿತು ಸಾರ್?" ಅಂತ ಕೇಳಬಹುದು. ಇಬ್ಬರು ಮೂವರು ಒಟ್ಟಿಗೆ ಹೋಗಿ. ಒಬ್ಬರೇ ಇದ್ದರೆ ದನಿ ಅಡಗುತ್ತೆ.

ನನಗೆ ಆಸ್ಪತ್ರೆಯಲ್ಲಿ ಅನ್ಯಾಯವಾಗಿದೆ. ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆಯಲಾ?

ಮೊದಲು ದಾಖಲೆ ಕೈಗೆ ತೆಗೆದುಕೊಳ್ಳಿ. ರೋಗಿ ಕೇಳಿದರೆ 72 ಗಂಟೆಯೊಳಗೆ ಚಿಕಿತ್ಸಾ ದಾಖಲೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮಗಳೇ ಹೇಳುತ್ತವೆ. ಬರಹದಲ್ಲಿ ಕೇಳಿ. ಆಮೇಲೆ ಆಸ್ಪತ್ರೆಯ ಮುಖ್ಯಸ್ಥರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಿ. ದೂರಿನಲ್ಲಿ ದಿನಾಂಕ, ಏನು ಹೇಳಿದರು, ಏನು ಮಾಡಲಿಲ್ಲ ಅನ್ನುವುದಷ್ಟೇ ಇರಲಿ. ಫೇಸ್‌ಬುಕ್‌ನಲ್ಲಿ ಸಿಟ್ಟಿನಲ್ಲಿ ಬರೆದರೆ ಮಾನನಷ್ಟದ ನೋಟಿಸು ಬರಬಹುದು. ಆಗ ಮಾತೆಲ್ಲ ನೋಟಿಸಿನ ಸುತ್ತಲೇ ತಿರುಗುತ್ತೆ, ರೋಗಿಯ ವಿಷಯ ಹಿಂದೆ ಬೀಳುತ್ತೆ.

ಟಿಬಿ ಬಂತು ಅಂತ ಕೆಲಸದಿಂದ ತೆಗೆದರೆ ಕಾನೂನು ಇದೆಯಾ?

ಎಚ್‌ಐವಿ ಇರುವವರಿಗೆ ಇದೆ. 2017ರ ಕಾಯ್ದೆ, 2018ರ ಸೆಪ್ಟೆಂಬರ್‌ನಿಂದ ಜಾರಿ. ಕೆಲಸ, ಶಾಲೆ, ಬಾಡಿಗೆ ಮನೆ ಎಲ್ಲೂ ತಾರತಮ್ಯ ಮಾಡುವಂತಿಲ್ಲ. ಎಚ್‌ಐವಿ ಇರುವವರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ್ದರಿಂದ ಬಂದ ಕಾಯ್ದೆ ಅದು. ಟಿಬಿಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದಲ್ಲಿದ್ದಾರೆ. ಇಷ್ಟು ಜನರಿರುವ ದೇಶದಲ್ಲಿ ಇಂಥ ಕಾಯ್ದೆ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ, ಹರಡುವ ಸ್ಥಿತಿ ಇಲ್ಲ, ಕೆಲಸಕ್ಕೆ ಬರಬಹುದು ಅಂತ ಡಾಕ್ಟರ್ ಪತ್ರ ತೆಗೆದುಕೊಂಡು ಮಾಲೀಕರ ಜೊತೆ ಮಾತಾಡಿ. ಗಾರ್ಮೆಂಟ್ಸ್‌ನಂಥ ಕಡೆ ಇಎಸ್‌ಐ (ಕಾರ್ಮಿಕರ ವಿಮೆ) ಇದ್ದರೆ ಕಾಯಿಲೆ ರಜೆಯ ಭತ್ಯೆಗೆ ಅರ್ಜಿ ಹಾಕಿಸಿ.

ಟಿಬಿ ಔಷಧಿಯಿಂದ ಕಿವಿ ಹೋದವರಿಗೆ 2016ರ ಅಂಗವಿಕಲರ ಹಕ್ಕು ಕಾಯ್ದೆಯಡಿ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಸಿಗಬಹುದು. ಟಿಬಿ ವಿಭಾಗದಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ನೀವು ಹೇಳಿ.

ಔಷಧಿ ಕಂಪನಿಯವರು, ಲ್ಯಾಬಿನವರು ದುಡ್ಡು ಕೊಡುತ್ತೇವೆ ಅಂದರೆ?

ಓಡಾಟದ ಖರ್ಚು, ಸಭೆಗೆ ಹೋದ ದಿನದ ಕೂಲಿ ನಷ್ಟ ಕೇಳುವುದರಲ್ಲಿ ನಾಚಿಕೆ ಬೇಡ. ಆ ಸಭೆಯಲ್ಲಿ ಕೂತ ಬೇರೆಲ್ಲರಿಗೂ ಸಂಬಳ ಇದೆ. ಆದರೆ ಯಾರ ಮಾತ್ರೆ, ಯಾರ ಪರೀಕ್ಷೆ ಬಗ್ಗೆ ಮಾತಾಡುತ್ತೀರೋ ಅವರಿಂದ ದುಡ್ಡು ಬೇಡ. ಸಂಸ್ಥೆಯ ಮೂಲಕ ಬಂದಿದ್ದರೆ ಎಲ್ಲರೆದುರು ಹೇಳಿಬಿಡಿ.

ಪ್ರತಿ ಸಲ ಕಥೆ ಹೇಳಿದಾಗ ರಾತ್ರಿ ನಿದ್ದೆ ಬರಲ್ಲ.

ಹಾಗಾಗುತ್ತೆ. ನನಗೂ ವಾರ್ಡಿನ ಫಿನಾಯಿಲ್ ವಾಸನೆ ಬಂದರೆ ಈಗಲೂ ಮೈ ಬೆವರುತ್ತೆ. ಯಾವ ಭಾಗ ಹೇಳಿದರೆ ಕಷ್ಟವಾಗುತ್ತೋ ಅದನ್ನು ಬಿಟ್ಟು ಹೇಳಿ, ಯಾರೂ ಕೇಳಲ್ಲ. ರಾತ್ರಿ ಇಷ್ಟು ಗಂಟೆ ಮೇಲೆ ರೋಗಿಗಳ ಫೋನ್ ತೆಗೆಯಲ್ಲ ಅಂತ ನಿಯಮ ಇಟ್ಟುಕೊಳ್ಳಿ, ತುರ್ತಿಗೆ 108 ಇದೆ ಅಂತ ಅವರಿಗೆ ಮೊದಲೇ ಹೇಳಿ. ನೀವು ಕೈ ಹಿಡಿದವರಲ್ಲಿ ಕೆಲವರು ಉಳಿಯುವುದಿಲ್ಲ. ಆ ವಾರ ಕೆಲಸ ನಿಲ್ಲಿಸಿ, ಅವರ ಮನೆಗೆ ಹೋಗಿ ಬನ್ನಿ. ಮನಸ್ಸು ತೀರಾ ಭಾರವಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಮ್ಮ ನಿಮ್ಹಾನ್ಸ್ ಆ ಸೇವೆಗೆ ದೇಶದ ಮುಖ್ಯ ಕೇಂದ್ರ. ಮಾತ್ರೆ ಮುಗಿಸಿದ ಮೊದಲ ಎರಡು ವರ್ಷ ನಿಮ್ಮ ಸ್ವಂತ ಫಾಲೋ ಅಪ್ ಪರೀಕ್ಷೆಯನ್ನೂ ಮರೆಯಬೇಡಿ.

ನನಗೆ ಬಂದಿದ್ದು ಟಿಬಿ ಅಲ್ಲ, ಕ್ಯಾನ್ಸರ್. ಇದೆಲ್ಲ ನನಗೂ ಹೊಂದುತ್ತಾ?

ಬಹಳಷ್ಟು ಹೊಂದುತ್ತೆ. ಗ್ಲಿವೆಕ್ ಅನ್ನುವ ರಕ್ತ ಕ್ಯಾನ್ಸರ್ ಮಾತ್ರೆಯ ಪೇಟೆಂಟ್ ವಿರೋಧಿಸಿದವರಲ್ಲಿ ಮುಂಬೈನ ಕ್ಯಾನ್ಸರ್ ರೋಗಿಗಳ ನೆರವು ಸಂಘವೂ ಇತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಹಾಳೆಯಲ್ಲಿ ಬರೆಯೋದು, ಒಂದು ಬೇಡಿಕೆ ಹುಡುಕೋದು, ಸರಿಯಾದವರ ಮುಂದೆ ಇಡೋದು, ಇದು ಯಾವ ಕಾಯಿಲೆಗಾದರೂ ಒಂದೇ.

ನನಗೆ ಟಿಬಿ ಬಂದಿಲ್ಲ. ಸಹಾಯ ಮಾಡಬಹುದಾ?

ಖಂಡಿತ. 2022ರ ಸೆಪ್ಟೆಂಬರ್‌ನಿಂದ ನಿಕ್ಷಯ್ ಮಿತ್ರ ಅಂತ ವ್ಯವಸ್ಥೆ ಇದೆ. ಒಪ್ಪಿಗೆ ಕೊಟ್ಟ ರೋಗಿಗಳಿಗೆ ತಿಂಗಳಿಗೊಂದು ಆಹಾರ ಕಿಟ್ ಕೊಡಬಹುದು. ಹೊರ ಊರಿನಲ್ಲಿರುವವರೂ ತಮ್ಮ ತಾಲ್ಲೂಕನ್ನು ಆರಿಸಿಕೊಳ್ಳಬಹುದು. ಒಂದೇ ಕೋರಿಕೆ: ಕಿಟ್ ಕೊಡುವಾಗ ರೋಗಿಯನ್ನು ನಿಲ್ಲಿಸಿ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ. ಎರಡು ಕೆಜಿ ಬೇಳೆಗಾಗಿ ಯಾರೂ ತಮ್ಮ ಕಾಯಿಲೆಯನ್ನು ಊರಿಗೆಲ್ಲ ತೋರಿಸಬೇಕಾಗಿ ಬರಬಾರದು. ಕಿಟ್ ಬೇಳೆ, ಕಡಲೆಬೀಜ, ಎಣ್ಣೆಯಂಥ ಪ್ರೋಟೀನ್, ಶಕ್ತಿ ಕೊಡುವ ಸಾಮಾನಿನದ್ದಾಗಿರಲಿ. ಚಿಕಿತ್ಸೆ ಮುಗಿಯುವ ತನಕ ತಿಂಗಳು ತಪ್ಪದೆ ಕೊಡಿ. ಮೊದಲ ತಿಂಗಳು ದೊಡ್ಡ ಸಮಾರಂಭ ಮಾಡಿ, ಮೂರನೇ ತಿಂಗಳಿಗೆ ನಿಲ್ಲಿಸುವವರು ಜಾಸ್ತಿ ಇದ್ದಾರೆ. ಕೊಡಲು ಆಗದ ತಿಂಗಳು ಬಂದರೆ ಎಸ್‌ಟಿಎಸ್‌ಗೆ ಮೊದಲೇ ತಿಳಿಸಿ, ಅವರು ಬೇರೆ ಮಿತ್ರರನ್ನು ಹುಡುಕಲು ಸಮಯ ಸಿಗುತ್ತೆ.